ಶಬ್ದವನ್ನು ಹಿಂದಿಕ್ಕಿದ ವಿಮಾನ

ಮಿಂಚು ಮೊದಲು, ಗುಡುಗು ಆಮೇಲೆ. ಮುಂಬಯಿಯ ಮಳೆಗಾಲವನ್ನು ಕಂಡ ಯಾವ ಬಾಲಕನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಆಂಟಾಪ್ ಹಿಲ್ಲಿನ ಯಾವುದೊಂದು ಕಟ್ಟಡದ ಮಹಡಿಯಲ್ಲಿ ನಿಂತು, ಚೆಂಬೂರಿನ ಕಡೆಯ ಆಕಾಶದಲ್ಲಿ ಮಿಂಚು ಹೊಳೆದ ಕೂಡಲೇ ಸೆಕೆಂಡುಗಳನ್ನು ಎಣಿಸತೊಡಗಿ, ಗುಡುಗು ಕೇಳಿಸಿದಾಗ ನಿಲ್ಲಿಸಿ, ಬಂದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ, ಆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿ ಹುಟ್ಟಿತೆಂಬುದು ಸುಮಾರಾಗಿ ತಿಳಿಯುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು, ಅಂದರೆ ಗಂಟೆಗೆ ಸುಮಾರು 1,224 ಕಿಲೋಮೀಟರು ಸಾಗುವುದೇ ಈ ಲೆಕ್ಕಕ್ಕೆ ಆಧಾರ.

ಈ ವೇಗವನ್ನು ಹಿಂದಿಕ್ಕಿ, ಆರಾಮವಾಗಿ ಕುಳಿತು ಊಟ ಮಾಡುತ್ತ, ವೃತ್ತಪತ್ರಿಕೆಯನ್ನು ಓದುತ್ತ, ಸಾಮಾನ್ಯ ಪ್ರಯಾಣಿಕರು ಸಾಗರವನ್ನು ದಾಟಿದ ಕಾಲವೊಂದಿತ್ತು. 1976ರ ಜನವರಿ 21ರಂದು ಆರಂಭವಾದ ಆ ಕಾಲ 2003ರ ಅಕ್ಟೋಬರ್ 24ರಂದು ಮುಗಿಯಿತು. ವಿದ್ಯಾರ್ಥಿ ಮಿತ್ರರೇ, ನೀವೆಲ್ಲರೂ ಅದು ಮುಗಿದ ಮೇಲೆ ಹುಟ್ಟಿದವರು. ನಿಮ್ಮ ಅಜ್ಜಂದಿರ ಕಾಲಕ್ಕಿಂತ ನಿಮ್ಮ ಕಾಲ ಎಲ್ಲ ವಿಷಯಗಳಲ್ಲಿಯೂ ವೇಗವಾದುದೆಂದು ನೀವು ತಿಳಿದಿರಬಹುದು. ಈ ಒಂದು ವಿಷಯದಲ್ಲಿ ಹಾಗಲ್ಲ. ಲಂಡನಿನಿಂದ ನ್ಯೂಯಾರ್ಕಿಗೆ ಆಗ ಮೂರೂವರೆ ತಾಸು ಸಾಕಾಗಿತ್ತು. ಈಗ ಏಳು ತಾಸಿಗೂ ಮಿಗಿಲಾಗಿ ಬೇಕು. ಗೆದ್ದ ವೇಗವನ್ನು ಮನುಷ್ಯನು ತಾನಾಗಿಯೇ ಬಿಟ್ಟುಕೊಟ್ಟದ್ದು ಏಕೆ? ಈ ಪ್ರಶ್ನೆಯನ್ನು ವಿಚಾರಿಸುವುದು ನಮ್ಮ ಉದ್ದೇಶ.

ಆ ವಿಮಾನದ ಹೆಸರು ಕಾಂಕಾರ್ಡ್. ಈ ಮಾತಿಗೆ ಒಮ್ಮತ, ಸಾಮರಸ್ಯ ಎಂದು ಅರ್ಥ. 1962ರ ನವೆಂಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಒಪ್ಪಂದ ಮಾಡಿಕೊಂಡು ಕೂಡಿ ನಿರ್ಮಿಸಿದ್ದರಿಂದ ಹೆಸರು ಒಪ್ಪುವಂತಹುದೇ ಆಗಿತ್ತು. ಆದರೆ ಅದರ ಕೊನೆಯಲ್ಲಿ ಫ್ರೆಂಚರಂತೆ ಒಂದು 'ಇ' ಅಕ್ಷರವನ್ನು ಸೇರಿಸಬೇಕೇ ಬೇಡವೇ ಎಂಬುದರ ಬಗೆಗೇ ಎರಡು ದೇಶಗಳಲ್ಲಿ ಒಮ್ಮತವಿರಲಿಲ್ಲವೆಂಬುದು ತಮಾಷೆಯ ಸಂಗತಿ. ಕಡೆಗೆ ಬ್ರಿಟಿಷರೇ ಒಪ್ಪಿದರು. ಮೊದಲ ಮಾದರಿ ವಿಮಾನವು 1969ರ ಮಾರ್ಚ್ 2ರಂದು ಫ್ರಾನ್ಸಿನ ಟೂಲೂಸ್ ನಗರದಿಂದ ಹಾರಿತು. ರಷ್ಯನ್ನರ ಟುಪೊಲೆವ್ 144 ಎಂಬ ವಿಮಾನವು ಅದಕ್ಕೆ ಎರಡು ತಿಂಗಳು ಮೊದಲೇ ಹಾರಿದ್ದಿತಾದರೂ, ಪ್ರಯಾಣಿಕರನ್ನು ಹೊತ್ತದ್ದು 1977ರ ನವೆಂಬರಿನಿಂದ ಕೇವಲ ಏಳು ತಿಂಗಳು. ಅಮೆರಿಕದವರು ಯೋಜನೆ ಹಾಕಿ, 1971ರಲ್ಲಿ ಕಟ್ಟಿ ಮುಗಿಸುವ ಮುನ್ನವೇ ಕೈಬಿಟ್ಟರು. ಹೀಗಾಗಿ ಶಬ್ದಾತೀತ ಪ್ರಯಾಣದ ಕಥೆಯೆಂದರೆ ಬಹುಮಟ್ಟಿಗೆ ಕಾಂಕಾರ್ಡಿನ ಕಥೆಯೇ.

ನಮ್ಮ ನಗರಕ್ಕೂ ಅದಕ್ಕೂ ಸಂಬಂಧವೇನೆಂದು ನೀವು ಕೇಳಬಹುದು. ಸಂಬಂಧ ಉಂಟು, ಅದು ಕೈಗೆ ಬಂದಂತಾಗಿ ತಪ್ಪಿಹೋದ ಸಂಬಂಧ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಅಂಚೆಯ ಚೀಲಗಳನ್ನು ಹೊತ್ತ ಪುಟ್ಟ ವಿಮಾನವೊಂದನ್ನು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ನಮ್ಮ ಜುಹುವಿನ ಬಯಲಿಗೆ ತಂದಿಳಿಸಿದರು. ಹದಿನಾರು ವರ್ಷಗಳಲ್ಲಿ, 1948ರ ಜೂನ್ 8ರಂದು, 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮೂಲಕ ಲಂಡನನ್ನು ತಲುಪಿತು. ಇನ್ನು ಹನ್ನೆರಡು ವರ್ಷಗಳಿಗೆ ಬೋಯಿಂಗ್ 707 ಜೆಟ್ ವಿಮಾನಗಳು ಬಂದುವು. 1962ರ ಹೊತ್ತಿಗೆ ಏರ್ ಇಂಡಿಯಾದ ವಿಮಾನಗಳೆಲ್ಲವೂ ಜೆಟ್ ವಿಮಾನಗಳೇ ಆಗಿದ್ದುವು. ಇಷ್ಟು ಬೇಗ ಇಷ್ಟು ಮೆಟ್ಟಿಲುಗಳನ್ನು ಏರಿದವರಿಗೆ ಮುಂದಿನ ಮೆಟ್ಟಿಲೂ ಸಹಜವಾಗಿಯೇ ಕಂಡಿತು. ಅಂದು ಮುಂಬಯಿಯಲ್ಲಿಯೇ ಪ್ರಧಾನ ಕಛೇರಿಯನ್ನು ಹೊಂದಿದ್ದ ಏರ್ ಇಂಡಿಯಾ, 1960ರ ದಶಕದಲ್ಲಿ ಎರಡು ಕಾಂಕಾರ್ಡುಗಳನ್ನು ಮುಂದೆ ಕೊಳ್ಳುವ ಹಕ್ಕನ್ನು ಕಾಯ್ದಿರಿಸಿತು. 1972ರ ಜೂನ್ ತಿಂಗಳಲ್ಲಿ ಎರಡನೆಯ ಮಾದರಿ ವಿಮಾನವು ಗಿರಾಕಿಗಳ ಮನವೊಲಿಸಲೆಂದು ಪೂರ್ವದೇಶಗಳ ಸಂಚಾರಕ್ಕೆ ಹೊರಟಾಗ, ನಮ್ಮ ಸಾಂತಾಕ್ರೂಜ್ ನಿಲ್ದಾಣದಲ್ಲಿಯೂ ಬಂದಿಳಿಯಿತು. ಬಾಗಿದ ಮೂಗು, ನೀಳವಾದ ಕತ್ತು, ತ್ರಿಕೋಣಾಕಾರದ ರೆಕ್ಕೆ. ನೆಲಕ್ಕಿಳಿಯುವಾಗ ಅದು ಕೆರೆಗೆ ಬಂದಿಳಿಯುವ ಕೊಕ್ಕರೆಯಂತೆ ತೋರುತ್ತಿತ್ತು. ಇಳಿಯುವಾಗ ಚಾಲಕನಿಗೆ ಓಟದ ಹಾದಿ ಕಾಣಲೆಂದೇ ಆ ಮೂಗು ಬಾಗುತ್ತಿತ್ತೆಂಬುದು ನಿಜವಾದರೂ, ಅದರ ಚೆಲುವು ಲೆಕ್ಕಾಚಾರದಿಂದ ಮಾತ್ರ ಬಂದುದೆಂದು ನಂಬುವುದು ಕಷ್ಟ.

ಅದರಲ್ಲಿ ಪ್ರಯಾಣ ಮಾಡಿದವರು ಈಗಲೂ ಅದನ್ನು ನೆನೆಯುವ ರೀತಿ ವಿಶೇಷವಾದುದು. ಆಸನಗಳು ಸುಮಾರು ನೂರು, ಒಳಗೆ ಜಾಗ ಇಕ್ಕಟ್ಟು, ಕಿಟಕಿಗಳು ಅಂಗೈಯಗಲ. ಮುಂದಿನ ಗೋಡೆಯ ಮೇಲೆ ಒಂದು ಸಂಖ್ಯೆ ಬೆಳಗುತ್ತಿತ್ತು. ಅದೇ ಮ್ಯಾಕ್ ಸಂಖ್ಯೆ. ಆಸ್ಟ್ರಿಯದ ವಿಜ್ಞಾನಿ ಅರ್ನ್ಸ್ಟ್ ಮ್ಯಾಕ್ ಎಂಬವರ ಹೆಸರಿನ ಈ ಸಂಖ್ಯೆಯು, ವಿಮಾನದ ವೇಗವು ಅಲ್ಲಿಯ ಶಬ್ದವೇಗದ ಎಷ್ಟು ಪಟ್ಟು ಎಂಬುದನ್ನು ತಿಳಿಸುತ್ತದೆ. 'ಅಲ್ಲಿಯ' ಎಂಬ ಮಾತನ್ನು ಗಮನಿಸಿರಿ. ಗಾಳಿ ತಣ್ಣಗಾದಷ್ಟೂ ಶಬ್ದ ನಿಧಾನಿಸುತ್ತದೆ. ಕಾಂಕಾರ್ಡ್ ಹಾರುತ್ತಿದ್ದ 18 ಕಿಲೋಮೀಟರು ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 57 ಡಿಗ್ರಿಗಳಷ್ಟು ಕೆಳಗಿರುವುದರಿಂದ ಶಬ್ದವೇಗವು ಗಂಟೆಗೆ ಸುಮಾರು 1,060 ಕಿಲೋಮೀಟರಿಗೆ ಇಳಿದಿರುತ್ತದೆ. ಗೋಡೆಯ ಮೇಲಿನ ಸಂಖ್ಯೆ 2ನ್ನು ಮುಟ್ಟಿತೆಂದರೆ ವಿಮಾನವು ಗಂಟೆಗೆ 2,100 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹೋಗುತ್ತಿದೆಯೆಂದು ತಿಳಿಯಬೇಕು. ವಡಾಲದಿಂದ ಪನವೇಲಿಗೆ ನಮ್ಮ ಲೋಕಲ್ ಗಾಡಿಗೆ ಸುಮಾರು ಒಂದು ತಾಸು ಬೇಕು. ನೇರ ಹಾದಿಯಲ್ಲಿ ಕಾಂಕಾರ್ಡಿಗೆ ಮುಕ್ಕಾಲು ನಿಮಿಷ ಸಾಕು. ಬಾಗಿಲಿಗೆ ಜೋತುಬೀಳುವ ಪ್ರಮೇಯವೂ ಇರಲಿಲ್ಲ!

ಹೊರಗೆ ಅಷ್ಟೊಂದು ಚಳಿಯಿದ್ದರೂ, ಗಾಳಿಯು ಇದಿರಿನಲ್ಲಿ ಒತ್ತಿಕೊಂಡು ಕಾಯುವುದರಿಂದ ವಿಮಾನದ ಮೂಗು ನೀರು ಕುದಿಯುವ ಉಷ್ಣತೆಯನ್ನೂ ಮೀರಿ 127 ಡಿಗ್ರಿಯವರೆಗೆ ಕಾಯುತ್ತಿತ್ತು. ಕಿಟಕಿಯನ್ನು ಮುಟ್ಟಿದರೆ ಬೆಚ್ಚಗೆ ಇರುತ್ತಿತ್ತು. ಕಾದ ಲೋಹ ಹಿಗ್ಗುವುದೆಂದು ನೀವು ತರಗತಿಯಲ್ಲಿ ಕಲಿತಿದ್ದೀರಷ್ಟೆ. 62 ಮೀಟರು ಉದ್ದದ ಆ ವಿಮಾನವು ಹಾರಾಟದಲ್ಲಿ ಸುಮಾರು ಒಂದು ಗೇಣು ಉದ್ದವಾಗುತ್ತಿತ್ತು. ಆಗ ಚಾಲಕರ ಕೋಣೆಯಲ್ಲಿ, ಇಂಜಿನಿಯರರ ಉಪಕರಣಗಳ ಹಲಗೆಯ ಪಕ್ಕಕ್ಕೆ ಒಂದು ಸಂದು ತೆರೆದುಕೊಳ್ಳುವುದು. ಸೇವೆ ಮುಗಿಯುವ ದಿನಗಳಲ್ಲಿ ಇಂಜಿನಿಯರರು ತಮ್ಮ ಟೋಪಿಯನ್ನು ಆ ಸಂದಿನಲ್ಲಿ ಇಟ್ಟರಂತೆ. ವಿಮಾನ ಇಳಿದು ತಣ್ಣಗಾದಾಗ ಸಂದು ಮುಚ್ಚಿ ಟೋಪಿ ಅಲ್ಲಿಯೇ ಸಿಕ್ಕಿಕೊಂಡಿತು. ಮತ್ತೆ ಹಾರಿದರಲ್ಲದೆ ಅದನ್ನು ಹೊರಗೆ ತೆಗೆಯಲಾಗದು. ಮತ್ತೆ ಹಾರುವುದಂತೂ ಇಲ್ಲ. ಬಿಟ್ಟಗಲುವ ಸಂಕಟವನ್ನು ಇದಕ್ಕಿಂತ ಸರಳವಾಗಿ ತೋರಿದವರನ್ನು ನಾವು ಕಾಣೆವು.

ಸೂರ್ಯನ ವಿಷಯವನ್ನೂ ಹೇಳಬೇಕು. ಭೂಮಧ್ಯರೇಖೆಯ ಮೇಲೆ ಭೂಮಿಯು ಗಂಟೆಗೆ ಸುಮಾರು 1,670 ಕಿಲೋಮೀಟರು ವೇಗದಲ್ಲಿ ತಿರುಗುತ್ತದೆ. ಉತ್ತರಕ್ಕೆ ಹೋದಂತೆ ಈ ವೇಗ ಕಡಿಮೆ. ಕಾಂಕಾರ್ಡ್ ಇದನ್ನೂ ಮೀರಿದುದರಿಂದ, ಸಂಜೆ ಲಂಡನನ್ನು ಬಿಟ್ಟು ಪಶ್ಚಿಮಕ್ಕೆ ಹೊರಟವರು ಮುಳುಗಿದ ಸೂರ್ಯನು ಪಡುವಣದಲ್ಲಿ ಮತ್ತೆ ಮೇಲೇರುವುದನ್ನು ಕಂಡರು. ಬೆಳಗ್ಗೆ ಹತ್ತೂವರೆಗೆ ಲಂಡನಿನಿಂದ ಹೊರಟವನು ಅದೇ ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ನ್ಯೂಯಾರ್ಕಿನಲ್ಲಿರುತ್ತಿದ್ದನು! 1973ರ ಜೂನ್ 30ರಂದು ಖಗೋಳವಿಜ್ಞಾನಿಗಳು ಮೊದಲ ಕಾಂಕಾರ್ಡನ್ನೇರಿ, ಆಫ್ರಿಕದ ಮೇಲೆ ಓಡುತ್ತಿದ್ದ ಚಂದ್ರನ ನೆರಳಿನ ಜೊತೆಯಲ್ಲಿಯೇ ಹಾರಿ, ಪೂರ್ಣ ಸೂರ್ಯಗ್ರಹಣವನ್ನು 74 ನಿಮಿಷಗಳ ಕಾಲ ವೀಕ್ಷಿಸಿದರು. ನೆಲದ ಮೇಲೆ ನಿಂತವರಿಗೆ ಪೂರ್ಣಗ್ರಹಣವು ಎಂಟು ನಿಮಿಷವೂ ದೊರೆಯದು.

ಇದೆಲ್ಲವೂ ಮೇಲಿದ್ದವರ ನೆನಪು. ಕೆಳಗಿದ್ದವರ ನೆನಪು ಬೇರೆ. ಅದನ್ನು ಅರಿಯಲು ಭಾವುಚಾ ಧಕ್ಕೆಗೆ ಹೋಗಿ ಒಂದಿಷ್ಟು ಹೊತ್ತು ನಿಲ್ಲಬೇಕು. ಉರಣದ ಕಡೆಗೆ ಹೊರಟ ದೋಣಿಯ ಹಿಂದೆ ಅಲೆಗಳ ಎರಡು ಸಾಲುಗಳು ನೇಗಿಲ ಗುಳದ ಆಕಾರದಲ್ಲಿ ಅಗಲಿಸಿಕೊಂಡು ಹೋಗುವುದನ್ನು ಅಲ್ಲಿ ಕಾಣಬಹುದು. ದೋಣಿಯು ತಾನೆಬ್ಬಿಸಿದ ಅಲೆಗಿಂತ ವೇಗವಾಗಿ ಹೋಗುವುದರಿಂದ ಅಲೆಗಳು ಅದರ ಮುಂದೆ ಓಡಲಾರದೆ, ಒಂದರ ಮೇಲೊಂದು ಸೇರಿ, ಹಿಂದೆ ಎರಡು ದಿಣ್ಣೆಗಳಾಗುತ್ತವೆ. ದೋಣಿ ಹೋಗಿ ಎಷ್ಟೋ ಹೊತ್ತಾದ ಮೇಲೆ ಆ ದಿಣ್ಣೆಯು ದಡಕ್ಕೆ ಬಂದು ಅಪ್ಪಳಿಸುತ್ತದೆ. ವಿಮಾನವೂ ಹೀಗೆಯೇ. ಶಬ್ದಕ್ಕಿಂತ ನಿಧಾನವಾಗಿ ಹಾರುವಾಗ ಅದರ ಸದ್ದು ಮುಂದಾಗಿ ಓಡಿ, 'ವಿಮಾನ ಬರುತ್ತಿದೆ' ಎಂದು ನಮಗೆ ತಿಳಿಸುತ್ತದೆ. ಶಬ್ದಕ್ಕಿಂತ ವೇಗವಾದಾಗ ಹಾಗೆ ತಿಳಿಸುವ ದೂತನೇ ಇಲ್ಲ. ಗಾಳಿಯ ಕಂಪನಗಳೆಲ್ಲ ಒಟ್ಟುಗೂಡಿ, ವಿಮಾನವನ್ನು ತುದಿಯಾಗಿ ಉಳ್ಳ ಒಂದು ಶಂಕುವಿನ ಆಕಾರವನ್ನು ತಾಳಿ, ಆ ಶಂಕುವಿನ ಅಂಚು ನೆಲವನ್ನು ಸವರಿಕೊಂಡು ಹೋಗುತ್ತದೆ. ಅಂಚು ನಮ್ಮನ್ನು ದಾಟಿದ ಕ್ಷಣದಲ್ಲಿ ಫಿರಂಗಿ ಹಾರಿಸಿದಂತೆ ಒಂದರ ಹಿಂದೊಂದು ಎರಡು ಆಸ್ಫೋಟಗಳು ಕೇಳಿಸುತ್ತವೆ. ಇದಕ್ಕೆ 'ಸೋನಿಕ್ ಬೂಮ್' ಎಂದು ಹೆಸರು. ನಾವು ಇದನ್ನು ಧ್ವನಿಸ್ಫೋಟವೆನ್ನೋಣ.

ಮೇಲಿನ ತರಗತಿಯವರು ಈ ಲೆಕ್ಕವನ್ನು ಮಾಡಿನೋಡಬಹುದು. ಶಂಕುವಿನ ಅರ್ಧಕೋನದ ಸೈನ್ ಬೆಲೆಯು ಮ್ಯಾಕ್ ಸಂಖ್ಯೆಯ ವಿಲೋಮಕ್ಕೆ ಸಮ. ಮ್ಯಾಕ್ 2 ಎಂದರೆ ಸೈನ್ ಬೆಲೆ ಅರ್ಧ, ಕೋನ 30 ಡಿಗ್ರಿ. ಕಾಂಕಾರ್ಡ್ ನಮ್ಮ ಆಂಟಾಪ್ ಹಿಲ್ಲಿನ ನೆತ್ತಿಯ ಮೇಲೆಯೇ 18 ಕಿಲೋಮೀಟರು ಎತ್ತರದಲ್ಲಿ ಪೂರ್ವಕ್ಕೆ ಹಾರಿತೆಂದು ಭಾವಿಸಿರಿ. ಧ್ವನಿಸ್ಫೋಟವು ನಮ್ಮ ಕಿವಿಗೆ ಬೀಳುವ ವೇಳೆಗೆ ಅದು ಸುಮಾರು 31 ಕಿಲೋಮೀಟರು ಮುಂದೆ, ಪನವೇಲನ್ನೂ ದಾಟಿ ಹೋಗಿರುವುದು. ನಾವು ತಲೆಯೆತ್ತಿ ನೋಡಿದರೆ ಆಕಾಶ ಬರಿದು.

ಇಲ್ಲಿ ಅನೇಕರಿಗೆ ಒಂದು ತಪ್ಪು ಕಲ್ಪನೆಯುಂಟು. ವಿಮಾನವು ಶಬ್ದವೇಗವನ್ನು ದಾಟುವ ಕ್ಷಣದಲ್ಲಿ ಒಮ್ಮೆ ಮಾತ್ರ ಈ ಸ್ಫೋಟವಾಗುವುದೆಂದು ಅವರು ಎಣಿಸುತ್ತಾರೆ. ಹಾಗಲ್ಲ. ಶಬ್ದಾತೀತ ವೇಗದಲ್ಲಿ ಹಾರುತ್ತಿರುವಷ್ಟು ಹೊತ್ತೂ ಆ ಅಂಚು ನೆಲದ ಮೇಲೆ ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಕೆಳಗಿನ ಪ್ರತಿಯೊಬ್ಬನೂ ಅದನ್ನು ಒಮ್ಮೆ ಕೇಳುತ್ತಾನೆ. ಒಳಗೆ ಕುಳಿತವರು ಮಾತ್ರ ಕೇಳುವುದಿಲ್ಲ. ಕಾಂಕಾರ್ಡಿನ ಎತ್ತರದಿಂದ ಬೀಳುವ ಈ ಸದ್ದಿನ ಪಟ್ಟೆಯ ಅಗಲ ಸುಮಾರು ನೂರು ಕಿಲೋಮೀಟರು.

ಮುಂಬಯಿಯಿಂದ ಚೆನ್ನೈಗೆ ನಕ್ಷೆಯ ಮೇಲೆ ಒಂದು ಗೆರೆಯನ್ನು ಎಳೆಯಿರಿ. ಅದರ ಉದ್ದ ಸುಮಾರು 1,030 ಕಿಲೋಮೀಟರು. ಗೆರೆ ವಿಜಯಪುರದ ಮೇಲೆಯೇ ಹಾದುಹೋಗುತ್ತದೆ. ಲಿಂಗಸುಗೂರು, ಸಿಂಧನೂರುಗಳು ಆ ಪಟ್ಟೆಯಲ್ಲಿ ಸೇರುತ್ತವೆ. ಪಿಸುಮಾತನ್ನೂ ಎದುರುಗೋಡೆಗೆ ಮುಟ್ಟಿಸಿ, ಒಂದು ಕೂಗನ್ನು ಹಲವು ಸಲ ಮರುನುಡಿಯುವ ಗೋಲಗುಮ್ಮಟವು ಈ ಆಸ್ಫೋಟವನ್ನು ಏನು ಮಾಡೀತೋ ನಾವು ಊಹಿಸಲಾರೆವು! ಅದಿರಲಿ. ಒಟ್ಟು ಸುಮಾರು ಒಂದು ಲಕ್ಷ ಚದರ ಕಿಲೋಮೀಟರು ನೆಲ; ಅಲ್ಲಿ ಹೊಲದಲ್ಲಿ ಉಳುತ್ತಿರುವ ಎತ್ತು, ತೊಟ್ಟಿಲಲ್ಲಿ ಮಲಗಿದ ಕೂಸು, ಆಸ್ಪತ್ರೆಯ ರೋಗಿ, ಪರೀಕ್ಷೆ ಬರೆಯುತ್ತಿರುವ ನಿಮ್ಮಂತಹ ವಿದ್ಯಾರ್ಥಿಗಳು. ಇವರೆಲ್ಲರೂ ಬೆಚ್ಚಿಬೀಳುವುದರಿಂದ ಆಗುವ ಲಾಭ ಯಾವುದು? ಮೇಲಿರುವ ನೂರು ಜನರಿಗೆ, ಸಾಮಾನ್ಯ ಜೆಟ್ ವಿಮಾನಕ್ಕೆ ಹೋಲಿಸಿದರೆ, ಮುಕ್ಕಾಲು ತಾಸು ಉಳಿಯುತ್ತದೆ. ದಿನಕ್ಕೆ ಒಂದು ವಿಮಾನವಾದರೆ ಹೀಗೆ, ಹತ್ತಾದರೆ?

ಇದು ಕೇವಲ ಊಹೆಯಲ್ಲ. ಅಮೆರಿಕದಲ್ಲಿ 1964ರಲ್ಲಿ ಓಕ್ಲಹೋಮ ನಗರದ ಮೇಲೆ ಆರು ತಿಂಗಳ ಕಾಲ ಶಬ್ದಾತೀತ ವಿಮಾನಗಳನ್ನು ಹಾರಿಸಿ ಒಟ್ಟು 1,253 ಧ್ವನಿಸ್ಫೋಟಗಳನ್ನು ಉಂಟುಮಾಡಿ ಜನರು ಸಹಿಸುವರೇ ಎಂದು ಪರೀಕ್ಷಿಸಿದರು. ಗಾಜುಗಳು ಒಡೆದುವು, ದೂರುಗಳು ಸಾವಿರಗಟ್ಟಲೆಯಾಗಿ ಬಂದುವು. 1973ರಲ್ಲಿ ಆ ದೇಶವು ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು. ನಮ್ಮ ಕನ್ನಡನಾಡಿನಲ್ಲಿ ಇದರ ರುಚಿಯನ್ನು ಕಂಡವರು ಬೆಂಗಳೂರಿನವರು. 2020ರ ಮೇ 20ರ ಮಧ್ಯಾಹ್ನ ನಗರದಾದ್ಯಂತ ಭಾರಿ ಸದ್ದು ಕೇಳಿಸಿ, ಕಿಟಕಿ ಬಾಗಿಲುಗಳು ನಡುಗಿದುವು. ಭೂಕಂಪವೇ, ಸಿಡಿಮದ್ದೇ ಎಂದು ಜನರು ಗಾಬರಿಗೊಂಡರು. ಸಂಜೆಗೆ ರಕ್ಷಣಾ ಇಲಾಖೆಯು ವಿವರಣೆಯನ್ನು ಕೊಟ್ಟಿತು: ವಾಯುಪಡೆಯ ಪರೀಕ್ಷಾ ವಿಮಾನವೊಂದು ಬಹು ಎತ್ತರದಲ್ಲಿ ಶಬ್ದಾತೀತ ವೇಗದಲ್ಲಿ ಹಾರಿದ್ದಿತು. ಒಂದೇ ವಿಮಾನ, ಒಂದೇ ಸಲ! ಬೆಂಗಳೂರಿಗೆ ಈ ವಿದ್ಯೆ ಹೊಸತೇನೂ ಅಲ್ಲ. ಸತೀಶ್ ಧವನ್ ಅವರು ದೇಶದ ಮೊದಲ ಶಬ್ದಾತೀತ ಗಾಳಿಸುರಂಗವನ್ನು ನಿರ್ಮಿಸಿದ್ದು ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ; 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ಮರುತ್ ಯುದ್ಧವಿಮಾನವನ್ನು ಕಟ್ಟಿದ್ದೂ ಅಲ್ಲಿಯ ಹಿಂದೂಸ್ತಾನ್ ಕಾರ್ಖಾನೆಯಲ್ಲಿ. ತಕ್ಕ ಇಂಜಿನ್ ದೊರೆಯದೆ ಮರುತ್ ಉದ್ದೇಶಿಸಿದ ವೇಗವನ್ನು ಮುಟ್ಟಲಿಲ್ಲವೆಂಬುದು ಬೇರೆ ಮಾತು.

ಮುಂಬಯಿಯವರಾದ ನಾವು ಸದ್ದಿಗೆ ಹೆದರುವವರಲ್ಲ. ಲೋಕಲ್ ಗಾಡಿಯ ಪಕ್ಕದಲ್ಲಿಯೇ ನಿದ್ರೆ ಮಾಡಬಲ್ಲೆವು. ಆದರೆ ಅಭ್ಯಾಸವಾದ ಸದ್ದು ಬೇರೆ, ಮುನ್ಸೂಚನೆಯಿಲ್ಲದೆ ಎರಗುವ ಸದ್ದು ಬೇರೆ. 1977ರ ಡಿಸೆಂಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಾಪುರದ ವಿಮಾನಸಂಸ್ಥೆ ಕೂಡಿ ಲಂಡನಿನಿಂದ ಬಹ್ರೇನಿನ ಮೂಲಕ ಸಿಂಗಾಪುರಕ್ಕೆ ಕಾಂಕಾರ್ಡನ್ನು ನಡೆಸತೊಡಗಿದುವು. ವಿಮಾನದ ಎಡಮೈಗೆ ಸಿಂಗಾಪುರದ ಬಣ್ಣ, ಬಲಮೈಗೆ ಬ್ರಿಟಿಷರ ಬಣ್ಣ. ಧ್ವನಿಸ್ಫೋಟದ ಕಾರಣದಿಂದ ಮಲೇಶಿಯ ಆಕ್ಷೇಪಿಸಿದ್ದರಿಂದ ಮೂರು ಸಲ ಹೋಗಿಬಂದ ಮೇಲೆ ಸೇವೆ ನಿಂತಿತು. 1979ರಲ್ಲಿ ಮತ್ತೆ ಆರಂಭವಾಯಿತು. ಭಾರತವೂ ತನ್ನ ಆಕಾಶದಲ್ಲಿ ಶಬ್ದಾತೀತ ವೇಗಕ್ಕೆ ಸಮ್ಮತಿಸಲಿಲ್ಲ. ಸುತ್ತಿ ಹೋದರೆ ದೂರ ಹೆಚ್ಚು, ನಿಧಾನವಾಗಿ ಹೋದರೆ ಕಾಂಕಾರ್ಡ್ ಏತಕ್ಕೆ? ಖರ್ಚು ಹುಟ್ಟದೆ 1980ರಲ್ಲಿ ಆ ಮಾರ್ಗವನ್ನು ಮುಚ್ಚಲಾಯಿತು. ಈ ನಿರಾಕರಣೆಯನ್ನು ಹಿಂದುಳಿದವರ ಅಂಜಿಕೆಯೆಂದು ಹಳಿಯಬಾರದು. ಇತರರ ಮುಕ್ಕಾಲು ತಾಸಿಗಾಗಿ ತನ್ನ ಜನರ ನೆಮ್ಮದಿಯನ್ನು ಒತ್ತೆಯಿಡದಿರುವ ಅಧಿಕಾರ ಆ ನೆಲದವರಿಗೆ ಇದ್ದೇ ಇದೆ. ಹಣವನ್ನು ಕೊಟ್ಟು ಹತ್ತಿದವನ ಸುಖದ ಬೆಲೆಯನ್ನು ಟಿಕೇಟು ಕೊಳ್ಳದವನು ತೆರುವುದು ಯಾವ ನ್ಯಾಯ?

ಏರ್ ಇಂಡಿಯಾ ತನ್ನ ಎರಡು ಕಾಂಕಾರ್ಡುಗಳನ್ನು ಬಿಟ್ಟುಕೊಟ್ಟದ್ದೂ ವಿವೇಕದ ಕೆಲಸವೇ. ಮುಂಬಯಿಗೂ ಲಂಡನಿಗೂ ಸುಮಾರು 7,200 ಕಿಲೋಮೀಟರು. ಅಷ್ಟು ದೂರವನ್ನು ಆ ವಿಮಾನವು ತುಂಬಿದ ಪ್ರಯಾಣಿಕರೊಡನೆ ಒಂದೇ ಹಾರಿಗೆ ಕ್ರಮಿಸಲಾರದು. ಅರಬ್ಬೀ ಸಮುದ್ರದ ಮೇಲೆ ಓಡಿ ಬಹ್ರೇನನ್ನು ಮುಟ್ಟಬಹುದಾದರೂ, ಯೂರೋಪಿನ ನೆಲದ ಮೇಲೆ ಉಳಿದ ವಿಮಾನಗಳಂತೆಯೇ ನಿಧಾನಿಸಬೇಕು. ಎಣ್ಣೆಯ ವೆಚ್ಚವನ್ನಂತೂ ಕೇಳುವಂತಿಲ್ಲ: ಅಟ್ಲಾಂಟಿಕ್ ಸಾಗರವನ್ನು ದಾಟಲು ಪ್ರಯಾಣಿಕನೊಬ್ಬನಿಗೆ ಒಂದು ಟನ್ನಿನ ಸಮೀಪ. 1971ರಲ್ಲಿ ಮುಂಬಯಿಗೆ ಬಂದ ಬೋಯಿಂಗ್ 747 ವಿಮಾನವು ಮೂರು ಪಟ್ಟಿಗೂ ಹೆಚ್ಚು ಜನರನ್ನು ಒಯ್ಯಬಲ್ಲುದಾಗಿತ್ತು. 1973ರಲ್ಲಿ ಅಮೆರಿಕದ ದೊಡ್ಡ ಸಂಸ್ಥೆಗಳು ಹಿಂದೆ ಸರಿದುವು. ಅದೇ ವರ್ಷ ಎಣ್ಣೆಯ ಬೆಲೆ ಗಗನಕ್ಕೇರಿತು. 1975ರ ವೇಳೆಗೆ ನಮ್ಮವರೂ ಕೈಬಿಟ್ಟರು. ಕಟ್ಟಿದ ಕಾಂಕಾರ್ಡುಗಳು ಇಪ್ಪತ್ತೇ. ಪ್ರಯಾಣಿಕರನ್ನು ಹೊತ್ತವು ಹದಿನಾಲ್ಕು. ಗಲ್ಫ್ ದೇಶಗಳಿಗೆ ಕೆಲಸಕ್ಕೆಂದು ಮುಂಬಯಿಯಿಂದ ಹೊರಟ ನಮ್ಮ ಕರಾವಳಿಯವರನ್ನು ಒಯ್ದದ್ದು ಅಗಲವಾದ, ನಿಧಾನದ ವಿಮಾನಗಳೇ.

2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಓಟದ ಹಾದಿಯ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯೊಂದು ಚಕ್ರವನ್ನು ಸೀಳಿ, ಎಣ್ಣೆಯ ತೊಟ್ಟಿ ಒಡೆದು ಬೆಂಕಿ ಹತ್ತಿ, ವಿಮಾನದಲ್ಲಿದ್ದ 109 ಮಂದಿಯೂ ನೆಲದ ಮೇಲಿದ್ದ ನಾಲ್ವರೂ ಮಡಿದರು. ಮರುವರ್ಷದ ನವೆಂಬರಿನಲ್ಲಿ ಸೇವೆ ಪುನಃ ಆರಂಭವಾದರೂ ಹಿಂದಿನ ಕಳೆ ಬರಲಿಲ್ಲ. 2003ರ ಮೇ ತಿಂಗಳಲ್ಲಿ ಫ್ರೆಂಚರೂ ಅಕ್ಟೋಬರಿನಲ್ಲಿ ಬ್ರಿಟಿಷರೂ ನಿಲ್ಲಿಸಿದರು.

ಹಳೆಯ ಹಂಬಲ ಇನ್ನೂ ಆರಿಲ್ಲ. 2025ರ ಜನವರಿ 28ರಂದು ಅಮೆರಿಕದ ಬೂಮ್ ಎಂಬ ಸಂಸ್ಥೆಯ ಪುಟ್ಟ ವಿಮಾನವು ಶಬ್ದವೇಗವನ್ನು ಮೀರಿತು. ಸ್ಫೋಟವು ನೆಲವನ್ನು ಮುಟ್ಟಲಿಲ್ಲವೆಂದು ತಯಾರಕರು ಹೇಳಿದರು. ಇದು ಅಸಾಧ್ಯವಲ್ಲ. ಶಬ್ದವೇಗವನ್ನು ಸ್ವಲ್ಪವೇ ಮೀರಿ ಬಹು ಎತ್ತರದಲ್ಲಿ ಹಾರಿದರೆ, ಕೆಳಗಿನ ಬೆಚ್ಚಗಿನ ಗಾಳಿಯಲ್ಲಿ ಶಬ್ದದ ಅಲೆಯು ವಕ್ರವಾಗಿ ಮೇಲಕ್ಕೇ ತಿರುಗಿಕೊಳ್ಳುತ್ತದೆ. ಆದರೆ ಹಾಗೆ ಹಾರುವ ವಿಮಾನದ ವೇಗವು ಕಾಂಕಾರ್ಡಿನ ವೇಗದ ಮುಕ್ಕಾಲು ಪಾಲೂ ಆಗದು. ಅದೇ ವರ್ಷದ ಜೂನಿನಲ್ಲಿ ಅಮೆರಿಕದ ಅಧ್ಯಕ್ಷರು 1973ರ ನಿಷೇಧವನ್ನು ತೆಗೆಯುವಂತೆ ಆಜ್ಞೆ ಹೊರಡಿಸಿದರು. ಅಕ್ಟೋಬರ್ 28ರಂದು ನಾಸಾದ ಎಕ್ಸ್ 59 ವಿಮಾನವು ಮೊದಲ ಸಲ ಹಾರಿತು. ಇದರ ಮೂಗು ಕಾಂಕಾರ್ಡಿನದಕ್ಕಿಂತಲೂ ವಿಚಿತ್ರವಾಗಿ ನೀಳವಾದುದು. ಅಲೆಗಳು ಒಂದುಗೂಡದಂತೆ ಚದುರಿಸಿ, ಸಿಡಿಲಿನಂತಹ ಸದ್ದನ್ನು ದೂರದಲ್ಲಿ ಕಾರಿನ ಬಾಗಿಲು ಮುಚ್ಚಿದಷ್ಟಕ್ಕೆ ಇಳಿಸುವುದು ಅದರ ಗುರಿ. ಊರುಗಳ ಮೇಲೆ ಹಾರಿಸಿ, ಕೆಳಗಿನ ಜನರನ್ನೇ ಅವರ ಅಭಿಪ್ರಾಯವೇನೆಂದು ಕೇಳಬೇಕೆಂಬುದೂ ಆ ಯೋಜನೆಯಲ್ಲಿ ಸೇರಿದೆ.

ಉಳಿದ ಹದಿನೆಂಟು ಕಾಂಕಾರ್ಡುಗಳು ಬ್ರಿಟನ್, ಫ್ರಾನ್ಸ್, ಜರ್ಮನಿ, ಅಮೆರಿಕ ಮೊದಲಾದ ಕಡೆಗಳಲ್ಲಿ ನಿಂತಿವೆ. 1977ರಲ್ಲಿ ಎಡಮೈಗೆ ಸಿಂಗಾಪುರದ ಬಣ್ಣವನ್ನು ಬಳಿದುಕೊಂಡು ನಮ್ಮ ಪೂರ್ವದೇಶಗಳತ್ತ ಹಾರಿದ ವಿಮಾನವು ನ್ಯೂಯಾರ್ಕಿನಲ್ಲಿ, ಹಡ್ಸನ್ ನದಿಯ ದಂಡೆಯಲ್ಲಿರುವ ಇಂಟ್ರೆಪಿಡ್ ವಸ್ತುಸಂಗ್ರಹಾಲಯದಲ್ಲಿದೆ. ಈಗ ಅದರ ಎರಡು ಮೈಗೂ ಬ್ರಿಟಿಷರ ಬಣ್ಣವೇ.